ಬೇರಿನ ಮದ್ದು ಬೀಜದಲ್ಲಿದೆ



ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ ಸುತ್ತಿನ ಅಡಿಕೆ ಬೆಳೆಗಾರರಿಗೆ ಕೊಳವೆ ಬಾವಿಯೇ ಜೀವ. ನೀರು ಇಳಿದ ವರ್ಷ ತೋಟ ಉಳಿಸಿಕೊಳ್ಳುವುದರಲ್ಲೇ ಸಾಕುಸಾಕಾಗಿ, ಪಕ್ಕದ ಕೆಂಪು ಮಣ್ಣಿನ ಹೊಲ ಬೀಳು ಬೀಳುತ್ತದೆ. ಆ ಹೊಲಕ್ಕೆ ಅಶ್ವಗಂಧ ಹಾಕಬಹುದೇ ಎಂದು ಹಲವರು ನಮ್ಮನ್ನು ಕೇಳಿದ್ದಾರೆ. ಹಾಕಬಹುದು. ಹಿರೇಮದ್ದು ಎಂದೂ ಕರೆಯುವ ಈ ಗಿಡ ಕಡಿಮೆ ನೀರಿಗೆ ಒಗ್ಗುತ್ತದೆ; ನೀರು ನಿಲ್ಲುವ ನೆಲ ಮಾತ್ರ ಆಗದು. ಆದರೆ ಬೀಜ ಕೊಳ್ಳುವ ಮುನ್ನ ಒಂದು ವಿಷಯ ತಿಳಿದಿರಬೇಕು.

ಅಶ್ವಗಂಧದ ಬೇರನ್ನು ನಾವು ಮಾರುವುದು ತೂಕಕ್ಕೆ. ಔಷಧ ತಯಾರಕರಿಗೆ ಬೇಕಾದುದು ಅದರೊಳಗಿನ ವಿಥನೊಲೈಡ್ ಎಂಬ ಸತ್ವಗಳು. ನೋಡಲು ಒಂದೇ ತೆರನಾದ ಎರಡು ಗಿಡಗಳಲ್ಲಿ ಇವು ಒಂದೇ ಪ್ರಮಾಣದಲ್ಲಿ ಇರಬೇಕೆಂದಿಲ್ಲ. ಕಾಫಿಯನ್ನೇ ನೋಡಿ. ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು ಶೇ. 1.2, ರೋಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಒಂದೇ ಗೊಬ್ಬರ ಉಂಡರೂ ಈ ಅಂತರ ಅಳಿಯದು. ಅದು ಜಾತಿಯಿಂದ ಬಂದ ಗುಣ.

ಸತ್ವ ತಯಾರಿಸುವ ಒಂದೊಂದು ಹಂತಕ್ಕೂ ಗಿಡದಲ್ಲಿ ಒಂದೊಂದು ಕಿಣ್ವವಿದೆ. ಆ ಕಿಣ್ವ ಹೇಗಿರಬೇಕೆಂಬ ಸೂಚನೆ ವಂಶವಾಹಿಯಲ್ಲಿದೆ. ಕಿಣ್ವಗಳು ಆಳುಗಳಾದರೆ, ಅವರನ್ನು ಕೆಲಸಕ್ಕೆ ಹಚ್ಚುವ ಮೇಸ್ತ್ರಿಯಂಥ ವಂಶವಾಹಿಗಳೂ ಇವೆ.

ಅಂಥ ಒಬ್ಬ ಮೇಸ್ತ್ರಿಯ ಗುರುತು ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ, ಅಂದರೆ ಸೀಮ್ಯಾಪ್‌ನ, ಬೆಂಗಳೂರು ಕೇಂದ್ರದ ಡಾ. ದಿನೇಶ್ ನಾಗೇಗೌಡರ ತಂಡ ಅಶ್ವಗಂಧದ 'ವರ್ಕಿ-1' ಎಂಬ ವಂಶವಾಹಿಯ ಅಧ್ಯಯನವನ್ನು 2017ರಲ್ಲಿ ಪ್ರಕಟಿಸಿತು. ಅದರ ಬಾಯಿ ಕಟ್ಟಿದಾಗ ವಿಥನೊಲೈಡ್ ಕುಸಿಯಿತು, ಗಿಡ ಕುಳ್ಳಾಯಿತು, ರೋಗಾಣು ಹಾಗೂ ಹುಳುಗಳನ್ನು ತಡೆಯುವ ಶಕ್ತಿಯೂ ಕುಗ್ಗಿತು. ಅದರ ಕೆಲಸ ಹೆಚ್ಚಿಸಿದಾಗ ಸತ್ವವೂ ಏರಿತು, ತಡೆಯುವ ಶಕ್ತಿಯೂ ಏರಿತು.

ನಮಗೆ ಮದ್ದಾದುದರ ಹಿಂದೆ ಗಿಡದ ಆತ್ಮರಕ್ಷಣೆಯೂ ಇದೆ ಎಂದಾಯಿತು. ಹಾಗೆಂದು ಹುಳ ಬಿಟ್ಟರೆ ಸತ್ವ ಹೆಚ್ಚೀತೆಂದು ಯಾರೂ ತಿಳಿಯಬಾರದು; ಎಲೆ ಹೋದ ಗಿಡದಲ್ಲಿ ಬೇರೂ ಬೆಳೆಯದು. ಇದು ಪ್ರಯೋಗಶಾಲೆಯ ಸಂಶೋಧನೆಯೇ ಹೊರತು ಅಂಗಡಿಯಲ್ಲಿ ಸಿಗುವ ಬೀಜವಲ್ಲ. 'ಜೀನ್ ಬೀಜ' ಎಂದು ಯಾರಾದರೂ ದುಬಾರಿ ಪೊಟ್ಟಣ ಹಿಡಿದು ಬಂದರೆ ಮರುಳಾಗಬೇಡಿ.

ಮಾಡಬೇಕಾದ್ದು ಇಷ್ಟೇ. ಹೆಸರಿರುವ ತಳಿಯ ಬೀಜವನ್ನೇ ಕೊಳ್ಳಿರಿ: ಸೀಮ್ಯಾಪ್‌ನ ಪೋಷಿತ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಅಶ್ವಗಂಧ ಇಂಥವು. ರಸೀದಿ ಇಟ್ಟುಕೊಳ್ಳಿರಿ. ಬಿತ್ತಿದ 150ರಿಂದ 180 ದಿನಗಳಲ್ಲಿ, ಎಲೆ ಒಣಗಿ ಹಣ್ಣು ಕೆಂಪಾದಾಗ ಬೇರು ಕೀಳಿರಿ. ಚೆನ್ನಾಗಿ ಒಣಗಿಸಿ, ದಪ್ಪ ಸಣ್ಣ ಬೇರೆ ಮಾಡಿರಿ. ಎಲ್ಲಕ್ಕಿಂತ ಮೊದಲು, ಕೊಳ್ಳುವವರು ಯಾರೆಂದು ಗೊತ್ತು ಮಾಡಿಕೊಂಡು ಅರ್ಧ ಎಕರೆಯಲ್ಲಿ ಪರೀಕ್ಷಿಸಿ ನೋಡಿರಿ.

ನೆಲ ನಮ್ಮದು, ದುಡಿಮೆಯೂ ನಮ್ಮದು. ಬೇರಿಗೆ ಮದ್ದು ತುಂಬುವ ಮೇಸ್ತ್ರಿ ಮಾತ್ರ ಬೀಜದೊಳಗೇ ಬರಬೇಕು.