ನಿಮಗಿದು ಗೊತ್ತೆ? ಚಿಕ್ಕಿಯೆಲ್ಲ ಪ್ರೋಟೀನ್ ಬಾರ್ ಅಲ್ಲ

ಸ್ಥೂಲಕಾಯದ ನಿವಾರಣೆಗಾಗಿ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾದವರ ಹೊಟ್ಟೆ ಸಣ್ಣ ಬಟ್ಟಲಿನಷ್ಟು ಆಹಾರವನ್ನು ಮಾತ್ರ ಹಿಡಿಯಬಲ್ಲುದಾದರೂ, ಅವರಿಗೆ ದಿನವೊಂದಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂದು ವೈದ್ಯರು ಸಾಮಾನ್ಯವಾಗಿ ವಿಧಿಸುತ್ತಾರೆ. ಅದು ಸಾಲದಾದರೆ ಕೊಬ್ಬಿನೊಡನೆ ಸ್ನಾಯುವೂ ಕರಗುವುದು, ಕೂದಲೂ ಉದುರುವುದು.

ಹೂವಿನಹಡಗಲಿಯ ಸೀಮೆಯವರಿಗೆ ಪ್ರೋಟೀನ್ ಎಂದೊಡನೆ ನೆನಪಾಗುವುದು ಶೇಂಗಾ. ಅದರ 100 ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುವುದು ದಿಟವೇ. ಆದರೆ ಕೊಬ್ಬು ಅದಕ್ಕಿಂತ ಹೆಚ್ಚು. ಬೆಲ್ಲದ ಪಾಕದಲ್ಲಿ ಕಟ್ಟಿದ ಚಿಕ್ಕಿಯಾದರೋ, ವಿಶೇಷತಃ ಜಠರದ ಬೈಪಾಸ್ ಶಸ್ತ್ರಚಿಕಿತ್ಸೆ ಆದವರಲ್ಲಿ, ಸಣ್ಣಕರುಳಿಗೆ ಬೇಗನೆ ಇಳಿದು, ಬೆವರು, ಎದೆಬಡಿತ, ಭೇದಿಗಳನ್ನು ಉಂಟುಮಾಡೀತು. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ.

ಅಂಗಡಿಯ ಪ್ರೋಟೀನ್ ಬಾರ್‌ಗಳಲ್ಲಿಯೂ ಮಿಠಾಯಿಯೇ ವೇಷ ಮರೆಸಿಕೊಂಡಿರುವುದುಂಟು. ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಿರುತ್ತಾರಾದ್ದರಿಂದ, ವ್ಹೇ ಎಂಬ ಹಾಲಿನ ಪ್ರೋಟೀನಿಗೋ ಸೋಯಾಕ್ಕೋ ಮೊದಲೇ ಗ್ಲೂಕೋಸ್ ಸಿರಪ್ಪೋ ಖರ್ಜೂರವೋ ಕಂಡರೆ ಅದನ್ನು ಬಿಡುವುದೇ ಲೇಸು. ಒಂದು ಬಾರಿನಲ್ಲಿ ಪ್ರೋಟೀನ್ 15 ಗ್ರಾಂಗೆ ಕಡಿಮೆಯಾಗದೆ, ಸಕ್ಕರೆ 5 ಗ್ರಾಂ ಮೀರದೆ ಇದ್ದರೆ ಉತ್ತಮ. 100 ಗ್ರಾಂಗೆ ಬರೆದ ಅಂಕಿಯನ್ನು 50 ಗ್ರಾಂ ತೂಕದ ಬಾರಿಗೆ ಅನ್ವಯಿಸಿಕೊಳ್ಳುವ ಪ್ರಮಾದ ಬಹುಜನರದು! ‘ಸಕ್ಕರೆರಹಿತ’ವೆಂಬುದರಲ್ಲಿ ಮಾಲ್ಟಿಟಾಲ್ ಎಂಬ ಸಿಹಿಕಾರಕ ಇದ್ದರೆ ಹೊಟ್ಟೆಯುಬ್ಬರ ಬಂದೀತು. ಕೊಲಾಜೆನ್ ಒಂದನ್ನೇ ನೆಚ್ಚಿದ ಬಾರಿನಲ್ಲಿ ಟ್ರಿಪ್ಟೊಫಾನ್ ಎಂಬ ಅತ್ಯಾವಶ್ಯಕ ಅಮೈನೋ ಆಮ್ಲವೇ ಇಲ್ಲ.

ಶಸ್ತ್ರಚಿಕಿತ್ಸೆಯ ಬಳಿಕದ ಮೊದಲ ವಾರಗಳು ದ್ರವಾಹಾರ ಹಾಗೂ ಮೆತ್ತನೆಯ ಆಹಾರದವು. ತಮ್ಮ ವೈದ್ಯರನ್ನು ಕೇಳದೆ ಆ ಅವಧಿಯಲ್ಲಿ ಯಾವ ಬಾರನ್ನೂ ದಯಮಾಡಿ ಮುಟ್ಟಬೇಡಿರಿ.