ಹಳೆಯ ಕಾರಿನ ರೇಡಿಯೇಟರ್ ಫ್ಯಾನ್ ವೈರಿಂಗ್ ಬಿಸಿಯಾಗುವಿಕೆ: ಕಾರಣ, ಪರೀಕ್ಷೆ ಮತ್ತು ಪರಿಹಾರ

ತರಕಾರಿ, ಸಸಿ, ಬಿತ್ತನೆ ಬೀಜಗಳ ಸಾಗಣೆಗೆ ಹಳೆಯ ಕಾರುಗಳನ್ನು ಬಳಸುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಮಾಗಡಿ ಕಡೆಯಿಂದ ಸುಮನಹಳ್ಳಿ, ಲಗ್ಗೆರೆ ಮಾರ್ಗವಾಗಿ ಯಶವಂತಪುರ ಮಾರುಕಟ್ಟೆಗೆ ಹೊರಟ ಕಾರು ಹಳ್ಳಿಯ ರಸ್ತೆಯಲ್ಲಿ ತೊಂದರೆಯಿಲ್ಲದೆ ಓಡಿ, ಲಗ್ಗೆರೆಯ ವಾಹನ ದಟ್ಟಣೆಯಲ್ಲಿ ನಿಂತಾಗ ಕಾವೇರುವುದುಂಟು. ಓಡುವ ಕಾರಿನ ರೇಡಿಯೇಟರನ್ನು ಎದುರುಗಾಳಿಯೇ ತಂಪಾಗಿಸುತ್ತದೆ; ನಿಂತ ಕಾರಿಗೆ ಫ್ಯಾನ್ ಒಂದೇ ಆಧಾರ. ಆದುದರಿಂದ ವೈರಿಂಗ್ ದೋಷವು ಇಂತಹ ಸ್ಥಳದಲ್ಲಿಯೇ ಬಯಲಾಗುತ್ತದೆ.

1983ರಲ್ಲಿ ಬಂದ ಮಾರುತಿ 800 ಕಾರಿನಲ್ಲಿ ಮೂಲತಃ ವಿದ್ಯುತ್ ಫ್ಯಾನ್ ಇದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಫ್ಯಾನ್ ಬೆಲ್ಟ್‌ನಿಂದ ತಿರುಗುವಂಥದ್ದು. ಇವುಗಳಿಗೆ ತರುವಾಯ ವಿದ್ಯುತ್ ಫ್ಯಾನ್ ಅಳವಡಿಸಿದ್ದಲ್ಲಿ ಆ ಜೋಡಣೆಯನ್ನು ಅವಶ್ಯವಾಗಿ ಪರಿಶೀಲಿಸಬೇಕು.

ಬಿಸಿಯಾಗಲು ಕಾರಣ

120 ವ್ಯಾಟ್ ಫ್ಯಾನ್ ಮನೆಯ 230 ವೋಲ್ಟ್‌ನಲ್ಲಿ ಸುಮಾರು ಅರ್ಧ ಆಂಪಿಯರ್ ವಿದ್ಯುತ್ ಸೆಳೆದರೆ, ಕಾರಿನ 12 ವೋಲ್ಟ್‌ನಲ್ಲಿ 10 ಆಂಪಿಯರ್ ಸೆಳೆಯುತ್ತದೆ. ಕಿಲುಬು ಹಿಡಿದ ಕನೆಕ್ಟರ್‌ನಲ್ಲಿ 0.1 ಓಮ್‌ನಷ್ಟು ಅಲ್ಪ ರೋಧವಿದ್ದರೂ ಆ ಒಂದೇ ಬಿಂದುವಿನಲ್ಲಿ 10 ವ್ಯಾಟ್ ಶಾಖ ಉಂಟಾಗುತ್ತದೆ. ಉಗುರಿನಷ್ಟು ಗಾತ್ರದ ಪ್ಲಾಸ್ಟಿಕ್ ಕರಗಲು ಅಷ್ಟು ಸಾಕು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಸಡಿಲ ಕನೆಕ್ಟರ್ ಸುಡುವಾಗ ವಿದ್ಯುತ್ ಪ್ರವಾಹ ಹೆಚ್ಚುವುದಿಲ್ಲ. ಆದ್ದರಿಂದ ಫ್ಯೂಸ್ ಹೋಗುವುದಿಲ್ಲ. ಫ್ಯೂಸ್ ಸರಿಯಿದೆ ಎಂದ ಮಾತ್ರಕ್ಕೆ ವೈರಿಂಗ್ ಸುರಕ್ಷಿತವೆಂದು ಭಾವಿಸಬಾರದು.

ಸುಟ್ಟ ಗುರುತಿನಿಂದ ದೋಷ ಪತ್ತೆ

• ಕನೆಕ್ಟರ್ ಮಾತ್ರ ಕಂದುಬಣ್ಣಕ್ಕೆ ತಿರುಗಿದ್ದು ವೈರು ಮೃದುವಾಗಿದ್ದರೆ: ಸಡಿಲ ಅಥವಾ ಕಿಲುಬು ಹಿಡಿದ ಸಂಪರ್ಕ.
• ವೈರಿನ ಉದ್ದಕ್ಕೂ ಹೊದಿಕೆ ಬಿರುಸಾಗಿದ್ದರೆ: ವೈರು ತೆಳುವಾಗಿದೆ ಅಥವಾ ಮೋಟಾರು ಹೆಚ್ಚು ವಿದ್ಯುತ್ ಸೆಳೆಯುತ್ತಿದೆ.
• ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ: ಮೋಟಾರು ಬಿಗಿಯಾಗಿದೆ ಅಥವಾ ವೈರು ಎಲ್ಲೋ ಬಾಡಿಗೆ ತಗುಲುತ್ತಿದೆ.

ಪರೀಕ್ಷಿಸುವ ವಿಧಾನ

1. ಎಂಜಿನ್ ತಣ್ಣಗಿರುವಾಗ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ಫ್ಯಾನನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗದಿದ್ದರೆ ಮೊದಲು ಮೋಟಾರಿನ ಬೇರಿಂಗ್ ಹಾಗೂ ಬ್ರಷ್‌ಗಳನ್ನು ಪರೀಕ್ಷಿಸಿರಿ.
2. ತಂತಿಯನ್ನು ಮರಳಿ ಜೋಡಿಸಿ, ಎಂಜಿನ್ ಬಿಸಿಯಾಗಿ ಫ್ಯಾನ್ ತಿರುಗುತ್ತಿರುವಾಗ ಮಲ್ಟಿಮೀಟರನ್ನು 20 ಡಿ.ಸಿ. ವೋಲ್ಟ್‌ಗೆ ಇರಿಸಿರಿ. ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ಗೂ ಇನ್ನೊಂದನ್ನು ಫ್ಯಾನ್ ಮೋಟಾರಿನ ಪಾಸಿಟಿವ್ ತುದಿಗೂ ಹಿಡಿಯಿರಿ.
3. ಅದೇ ರೀತಿ ಬ್ಯಾಟರಿಯ ನೆಗೆಟಿವ್‌ನಿಂದ ಮೋಟಾರಿನ ನೆಗೆಟಿವ್‌ವರೆಗೆ ಅಳೆಯಿರಿ. ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟು ಇಲ್ಲಿ ಪತ್ತೆಯಾಗುತ್ತದೆ.
4. ಯಾವುದೇ ಬದಿಯಲ್ಲಿ ಸುಮಾರು 0.5 ವೋಲ್ಟ್‌ಗಿಂತ ಹೆಚ್ಚು ತೋರಿದರೆ, ಆ ಬದಿಯ ಒಂದೊಂದೇ ಕನೆಕ್ಟರನ್ನು ಅಳೆಯುತ್ತ ಸಾಗಿರಿ. ಹೆಚ್ಚು ವೋಲ್ಟ್ ತೋರಿದ ಕನೆಕ್ಟರೇ ದೋಷದ ಸ್ಥಳ.

ದುರಸ್ತಿ ಕ್ರಮ

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದ ನಂತರವೇ ಕೆಲಸ ಆರಂಭಿಸಬೇಕು. ಸುಟ್ಟ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ಟರ್ಮಿನಲನ್ನು ಸೂಕ್ತ ಇಕ್ಕಳದಿಂದ ಒತ್ತಿ ಕೂರಿಸಬೇಕು. ಕೈಯಿಂದ ತಿರುಚಿ ಟೇಪು ಸುತ್ತಿದ ಜೋಡಣೆ ಎಂಜಿನಿನ ಅದುರಿಕೆಗೆ ಸಡಿಲವಾಗುತ್ತದೆ. 10 ಆಂಪಿಯರ್ ಫ್ಯಾನಿಗೆ 2.5 ಚದರ ಮಿ.ಮೀ. ಗಾತ್ರದ, ವಾಹನಗಳಿಗೆಂದೇ ತಯಾರಾದ ಬಹು ಎಳೆಯ ತಾಮ್ರದ ವೈರನ್ನು ಬಳಸಿರಿ; ಮನೆಯ ವೈರಿಂಗ್‌ನ ಒಂಟಿ ಎಳೆಯ ತಂತಿ ಬೇಡ.

ಹಲವು ಹಳೆಯ ಜೋಡಣೆಗಳಲ್ಲಿ ಫ್ಯಾನಿನ ಪೂರ್ಣ ಪ್ರವಾಹವು ಉಷ್ಣ ಸ್ವಿಚ್‌ನ ಮೂಲಕವೇ ಹಾದುಹೋಗುತ್ತದೆ. ಅಂತಹ ಕಡೆ ರಿಲೇ ಅಳವಡಿಸುವುದು ಉತ್ತಮ. ಸಾಮಾನ್ಯ ರಿಲೇಯ 30ನೇ ತುದಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರುವ ವೈರು, 87ಕ್ಕೆ ಫ್ಯಾನ್, 85 ಮತ್ತು 86ಕ್ಕೆ ಸ್ವಿಚ್‌ನ ಸಣ್ಣ ವೈರುಗಳನ್ನು ಜೋಡಿಸಬೇಕು. ಫ್ಯೂಸ್ ಬ್ಯಾಟರಿಗೆ ಸಮೀಪವಿರಲಿ.

ಮುನ್ನೆಚ್ಚರಿಕೆಗಳು

• ಹೋದ ಫ್ಯೂಸಿನ ಜಾಗದಲ್ಲಿ ಹೆಚ್ಚು ಆಂಪಿಯರ್‌ನ ಫ್ಯೂಸ್ ಅಥವಾ ತಂತಿಯ ಎಳೆಯನ್ನು ಹಾಕಬಾರದು. ಆಗ ಫ್ಯೂಸಿನ ಬದಲು ವೈರೇ ಉರಿಯುತ್ತದೆ. ಪೆಟ್ರೋಲ್ ಕೊಳವೆ ಅದೇ ಬಾನೆಟ್ಟಿನಡಿ ಇರುತ್ತದೆ.
• ಬಿಸಿಯಾದ ರೇಡಿಯೇಟರ್‌ನ ಮುಚ್ಚಳವನ್ನು ತೆರೆಯಬಾರದು.
• ಎಂಜಿನ್ ನಿಂತಿದ್ದರೂ ಕೆಲವು ಕಾರುಗಳಲ್ಲಿ ಫ್ಯಾನ್ ತಾನಾಗಿಯೇ ತಿರುಗಬಹುದು; ಕೈ ಹಾಕಬೇಡಿರಿ.
• ದಾರಿಯಲ್ಲಿ ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಕೆಳಗಿಳಿಯಿರಿ. ಹೊಗೆ ಕಂಡರೆ ಬಾನೆಟ್ ಎತ್ತದೆ ದೂರ ಸರಿಯಿರಿ.

ವಿಸ್ತರಣಾ ಕಾರ್ಯಕರ್ತರು ಈ ವಿಷಯವನ್ನು ರೈತರ ಸಭೆಗಳಲ್ಲಿ ತಿಳಿಸುವಾಗ, ಪಂಪ್‌ಸೆಟ್ ಸ್ಟಾರ್ಟರ್‌ನ ಸಡಿಲ ಟರ್ಮಿನಲ್ ಕರಕಲಾಗುವುದೂ ಇದೇ ಕಾರಣದಿಂದ ಎಂಬುದನ್ನು ಮನವರಿಕೆ ಮಾಡಿಕೊಡಬಹುದು. ವರ್ಷಕ್ಕೊಮ್ಮೆ, ಬೇಸಿಗೆಗೆ ಮುನ್ನ, ಕಾರಿನ ಫ್ಯಾನ್ ಕನೆಕ್ಟರನ್ನು ಬಿಚ್ಚಿ ನೋಡಿ ಸ್ವಚ್ಛಗೊಳಿಸಿದಲ್ಲಿ ಈ ತೊಂದರೆಯನ್ನು ಬಹುಮಟ್ಟಿಗೆ ತಡೆಯಬಹುದು.