ಮೂರನೆಯ ಗುಂಡು: ಸ್ಯಾಕೊ–ವಾಂಜೆಟ್ಟಿ ಮೊಕದ್ದಮೆಯ ಸಾಕ್ಷ್ಯ ವಿಚಾರ

1920ನೆಯ ಇಸವಿ ಏಪ್ರಿಲ್ 15ರಂದು ಅಪರಾಹ್ನ ಸುಮಾರು ಮೂರು ಗಂಟೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ ನಗರಕ್ಕೆ ದಕ್ಷಿಣದಲ್ಲಿರುವ ಸೌತ್ ಬ್ರೇನ್‌ಟ್ರಿ ಎಂಬ ಊರಿನಲ್ಲಿ, ಒಂದು ಬೂಟು ಕಾರ್ಖಾನೆಯ ಕಾರ್ಮಿಕರಿಗೆ ಹಂಚಬೇಕಾಗಿದ್ದ ಸಂಬಳದ ಹಣವನ್ನು ಎರಡು ಪೆಟ್ಟಿಗೆಗಳಲ್ಲಿ ಹಿಡಿದುಕೊಂಡು ಇಬ್ಬರು ನೌಕರರು ಬೀದಿಯಲ್ಲಿ ನಡೆದು ಹೋಗುತ್ತಿದ್ದರು. ಒಬ್ಬನು ಬಟವಾಡೆ ಗುಮಾಸ್ತ ಫ್ರೆಡರಿಕ್ ಪಾರ್ಮೆಂಟರ್, ಇನ್ನೊಬ್ಬನು ಕಾವಲಿನ ಅಲೆಸ್ಸಾಂಡ್ರೊ ಬೆರಾರ್ಡೆಲ್ಲಿ. ದಾರಿಯಲ್ಲಿ ಹೊಂಚುಹಾಕಿ ನಿಂತಿದ್ದವರು ಇವರಿಬ್ಬರನ್ನೂ ಗುಂಡಿಟ್ಟು ಕೊಂದು, ಹದಿನೈದು ಸಾವಿರದ ಏಳುನೂರಕ್ಕೂ ಮಿಕ್ಕ ಡಾಲರುಗಳನ್ನು ದೋಚಿ, ಕಾರು ಹತ್ತಿ ಮಾಯವಾದರು. ಈ ಕೊಲೆಗಾಗಿ ಏಳು ವರ್ಷಗಳ ಬಳಿಕ ಇಬ್ಬರು ಇಟಾಲಿಯನ್ ವಲಸಿಗರಿಗೆ ಮರಣದಂಡನೆಯಾಯಿತು. ಅವರ ಹೆಸರು ನಿಕೋಲ ಸ್ಯಾಕೊ ಮತ್ತು ಬಾರ್ಟೊಲೊಮಿಯೊ ವಾಂಜೆಟ್ಟಿ.

ಇವರು ನಿಜವಾಗಿಯೂ ಕೊಂದರೇ ಎಂಬ ಪ್ರಶ್ನೆ ನೂರು ವರ್ಷ ಕಳೆದರೂ ಮುಗಿದಿಲ್ಲ. ಅದಕ್ಕೆ ತಾಗಿಕೊಂಡೇ ಇದ್ದರೂ ಅದಕ್ಕಿಂತ ಬೇರೆಯಾದ ಇನ್ನೊಂದು ಪ್ರಶ್ನೆಯಿದೆ: ಇವರೇ ಕೊಂದರೆಂಬುದು ಅಂದಿನ ನ್ಯಾಯಾಲಯದಲ್ಲಿ ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಯಿತೇ? ಈ ಎರಡನ್ನೂ ಒಂದೇ ಎಂದು ತಿಳಿದವರು ಅಂದೂ ಇದ್ದರು, ಇಂದೂ ಇದ್ದಾರೆ. ಆದುದರಿಂದಲೇ ಈ ಮೊಕದ್ದಮೆಯ ಸಾಕ್ಷ್ಯಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡುವುದು ಉಪಯುಕ್ತವೆಂದು ತೋರುತ್ತದೆ.

ಸ್ಯಾಕೊ ಬೂಟು ಕಾರ್ಖಾನೆಯೊಂದರಲ್ಲಿ ಕುಶಲ ಕೆಲಸಗಾರ, ಹೆಂಡತಿ ಮಕ್ಕಳಿದ್ದ ಗೃಹಸ್ಥ. ವಾಂಜೆಟ್ಟಿ ಪ್ಲಿಮತ್ ಎಂಬ ಊರಿನಲ್ಲಿ ಗಾಡಿ ತಳ್ಳಿಕೊಂಡು ಮೀನು ಮಾರುತ್ತಿದ್ದವನು, ಅವಿವಾಹಿತ. ಇಬ್ಬರೂ 1908ರಲ್ಲಿ ಅಮೆರಿಕಕ್ಕೆ ಬಂದವರು, ಇಬ್ಬರೂ ಅರಾಜಕತಾವಾದಿಗಳು. ಒಂದನೆಯ ಮಹಾಯುದ್ಧದ ಬೆನ್ನಿಗೆ ಆ ದೇಶದಲ್ಲಿ ಪರದೇಶದ ಕ್ರಾಂತಿಕಾರಿಗಳ ಬಗೆಗೆ ಮಹಾಭೀತಿ ಹಬ್ಬಿತ್ತು. ಸಾವಿರಾರು ಮಂದಿಯನ್ನು ಹಿಡಿದು, ಅವರಲ್ಲಿ ಹಲವರನ್ನು ಗಡೀಪಾರು ಮಾಡುವ ಕಾರ್ಯ ನಡೆದಿತ್ತು. ಅದು ಕೇವಲ ಹುಸಿಭಯವೂ ಆಗಿರಲಿಲ್ಲ; ಇವರ ಪಂಗಡದವರಲ್ಲಿ ಬಾಂಬು ಇಟ್ಟವರಿದ್ದರು. 1920ರ ಮೇ ತಿಂಗಳ ಆರಂಭದಲ್ಲಿ ಇವರ ಸಂಗಾತಿಯಾದ ಆಂದ್ರೆಯಾ ಸಾಲ್ಸೆಡೊ ಎಂಬವನು ನ್ಯೂಯಾರ್ಕಿನಲ್ಲಿ ಸರಕಾರದ ಬಂಧನದಲ್ಲಿದ್ದಾಗಲೇ ಮಹಡಿಯಿಂದ ಬಿದ್ದು ಸತ್ತನು. ಅದಾಗಿ ಎರಡು ದಿನಕ್ಕೆ, ಮೇ 5ರ ರಾತ್ರಿ, ಸ್ಯಾಕೊ ಮತ್ತು ವಾಂಜೆಟ್ಟಿ ಬ್ರಾಕ್ಟನ್ ಪಟ್ಟಣದಲ್ಲಿ ಟ್ರಾಮ್ ಬಂಡಿಯೊಳಗೆ ಸೆರೆಸಿಕ್ಕರು. ಇಬ್ಬರ ಬಳಿಯಲ್ಲೂ ತುಂಬಿದ ಪಿಸ್ತೂಲುಗಳಿದ್ದವು. ಪೊಲೀಸರು ಕೇಳಿದ ಪ್ರಶ್ನೆಗಳಿಗೆ ಇಬ್ಬರೂ ಸುಳ್ಳು ಹೇಳಿದರು: ಎಲ್ಲಿಂದ ಬಂದಿರಿ, ಯಾರನ್ನು ಕಾಣಲು ಹೋಗಿದ್ದಿರಿ, ನಿಮ್ಮ ವಿಚಾರಗಳೇನು ಎಂಬುದೆಲ್ಲಕ್ಕೂ ಸುಳ್ಳು. ಈ ಸುಳ್ಳುಗಳು ಮುಂದೆ ಅವರ ವಿರುದ್ಧ ದೊಡ್ಡ ಸಾಕ್ಷ್ಯವಾಗಿ ನಿಂತವು.

ಬ್ರೇನ್‌ಟ್ರಿ ಕೊಲೆಯ ವಿಚಾರಣೆಗೆ ಮುಂಚೆ ವಾಂಜೆಟ್ಟಿ ಒಬ್ಬನ ಮೇಲೆಯೇ ಬೇರೊಂದು ಮೊಕದ್ದಮೆ ನಡೆಯಿತು. 1919ರ ಡಿಸೆಂಬರ್ 24ರ ಬೆಳಿಗ್ಗೆ ಬ್ರಿಜ್‌ವಾಟರ್ ಎಂಬಲ್ಲಿ ನಡೆದ ದರೋಡೆಯ ಯತ್ನದಲ್ಲಿ ಇವನಿದ್ದನೆಂಬುದು ಆರೋಪ. ಅಂದು ತಾನು ಪ್ಲಿಮತ್ತಿನಲ್ಲಿ ಈಲ್ ಎಂಬ ಹಾವುಮೀನನ್ನು ಮಾರುತ್ತಿದ್ದೆನೆಂಬುದು ಅವನ ಸಮಾಧಾನ. ಕ್ರಿಸ್ಮಸ್ಸಿನ ಹಿಂದಿನ ದಿನ ಇಟಾಲಿಯನ್ನರು ಮಾಂಸ ಮುಟ್ಟದೆ ಮೀನೂಟ ಮಾಡುವ ಸಂಪ್ರದಾಯವಿದೆ. ಹಾವುಮೀನು ಅದರಲ್ಲಿ ಮುಖ್ಯ. ಆದುದರಿಂದ ಅವನ ಕೈಯಿಂದ ಅಂದು ಮೀನು ಕೊಂಡವರು ಸಾಲಾಗಿ ಬಂದು ಸಾಕ್ಷಿ ನುಡಿದರು. ಎಲ್ಲರೂ ಇಟಾಲಿಯನ್ನರು, ಬಹುಮಂದಿಗೆ ಇಂಗ್ಲಿಷ್ ಬಾರದು. ಅವರ ಮಾತು ದುಭಾಷಿಯ ಬಾಯಿಂದ ಹಾದು ಜ್ಯೂರಿಯ ಕಿವಿಗೆ ಬಿತ್ತು. ಹಬ್ಬದ ದಿನವಾದ್ದರಿಂದಲೇ ನೆನಪಿದೆ ಎಂಬ ಅವರ ಮಾತಿನ ಸಹಜತೆ, ಆ ಹಬ್ಬವನ್ನು ಹಾಗೆ ಆಚರಿಸದ ಜ್ಯೂರಿ ಸದಸ್ಯರಿಗೆ ಕಾಣಲಿಲ್ಲ. ವಾಂಜೆಟ್ಟಿಗೆ ಹನ್ನೆರಡರಿಂದ ಹದಿನೈದು ವರ್ಷಗಳ ಸಜೆಯಾಯಿತು. 1927ರ ಬೇಸಿಗೆಯಲ್ಲಿ, ಬಾಸ್ಟನ್ನಿನಲ್ಲಿ ಹಳೆಯ ಕಾಗದಗಳ ನಡುವೆ, ಆ ಡಿಸೆಂಬರಿನಲ್ಲಿ ವಾಂಜೆಟ್ಟಿಯ ಹೆಸರಿಗೆ ಹಾವುಮೀನು ಕಳುಹಿಸಿದ ರಸೀತಿ ದೊರೆಯಿತು. ಆಗ ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ.

ಮಾತು ಮತ್ತೊಂದು ಭಾಷೆಗೆ ದಾಟುವಾಗ ಅರ್ಥದ ಜೊತೆಗೆ ನಂಬಿಕೆಯೂ ದಾಟಬೇಕಾಗುತ್ತದೆ. ಎರಡನೆಯದು ದುಭಾಷಿಯ ಕೈಯಲ್ಲಿಲ್ಲ. ಆಪಾದಿತನಿಗೆ ತಿಳಿಯದ ಭಾಷೆಯಲ್ಲಿ ನುಡಿದ ಸಾಕ್ಷ್ಯವನ್ನು ತೆರೆದ ನ್ಯಾಯಾಲಯದಲ್ಲಿ ಅವನಿಗೆ ತಿಳಿಯುವ ಭಾಷೆಗೆ ಅನುವಾದಿಸಿ ಹೇಳತಕ್ಕದ್ದೆಂದು ನಮ್ಮ ದೇಶದ ದಂಡ ಪ್ರಕ್ರಿಯಾ ಕಾನೂನೂ ವಿಧಿಸಿದೆ. ಗಡಿಯ ಈಚೆ ಬದುಕುವ ಕನ್ನಡಿಗರಿಗೆ ಆ ನಿಯಮದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಮುಖ್ಯ ವಿಚಾರಣೆಯು 1921ರ ಮೇ 31ರಂದು ಡೆಡ್‌ಹ್ಯಾಮ್ ಪಟ್ಟಣದಲ್ಲಿ ಆರಂಭವಾಯಿತು. ನ್ಯಾಯಾಧೀಶರು, ಹಿಂದಿನ ಮೊಕದ್ದಮೆಯನ್ನು ನಡೆಸಿದ ವೆಬ್‌ಸ್ಟರ್ ಥೇಯರ್ ಅವರೇ. ಅಪರಾಧಿಯೇ ಅಲ್ಲವೇ ಎಂದು ನಿರ್ಣಯಿಸುವವರು ಹನ್ನೆರಡು ಮಂದಿ ಸಾಮಾನ್ಯ ನಾಗರಿಕರ ಜ್ಯೂರಿ. ಒಂದು ಕಾಲದಲ್ಲಿ ನಮ್ಮಲ್ಲೂ ಇದ್ದ ಈ ಪದ್ಧತಿ ಈಗ ಇಲ್ಲ.

ಕಣ್ಣಾರೆ ಕಂಡೆವೆಂದವರ ಸಾಕ್ಷ್ಯ ಎರಡು ಕಡೆಗೂ ಬೇಕಾದಷ್ಟಿತ್ತು. ಸ್ಯಾಕೊನನ್ನು ಗುರುತಿಸಿದ ಒಬ್ಬ ಮಹಿಳೆ, ಓಡುವ ಕಾರಿನಲ್ಲಿದ್ದವನನ್ನು ಕಾರ್ಖಾನೆಯ ಮೇಲಂತಸ್ತಿನ ಕಿಟಕಿಯಿಂದ, ಅರುವತ್ತು ಅಡಿಗಿಂತಲೂ ದೂರದಿಂದ, ಕೆಲವೇ ಕ್ಷಣ ಕಂಡವಳು. ಮೊದಲ ವಿಚಾರಣೆಯಲ್ಲಿ ಅವಳಿಗೆ ಖಚಿತವಿರಲಿಲ್ಲ. ಒಂದು ವರ್ಷ ಕಳೆದ ಮೇಲೆ ಆ ಮನುಷ್ಯನ ಕೈಯ ಗಾತ್ರವನ್ನೂ ಕೂದಲಿನ ಉದ್ದವನ್ನೂ ವರ್ಣಿಸಿ ಹೇಳಿದಳು. ಅವಳು ಸುಳ್ಳುಗಾತಿಯಾಗಿದ್ದಳೆಂದು ಹೇಳಬೇಕಾಗಿಲ್ಲ. ಆದರೆ ಕಾಲ ಸರಿದಂತೆ ಹೆಚ್ಚು ಹೆಚ್ಚು ಸ್ಪಷ್ಟವಾಗುವ ನೆನಪನ್ನು ಹಾಗೆಯೇ ಒಪ್ಪಿಕೊಳ್ಳುವುದು ಹೇಗೆ?

ಸ್ಯಾಕೊ ಅಂದು ಕೆಲಸಕ್ಕೆ ಹೋಗಿರಲಿಲ್ಲವೆಂಬುದು ಸತ್ಯ. ಪಾಸ್‌ಪೋರ್ಟಿಗಾಗಿ ಬಾಸ್ಟನ್ನಿನ ಇಟಾಲಿಯನ್ ಕಾನ್ಸುಲೇಟ್ ಕಚೇರಿಗೆ ಹೋಗಿದ್ದೆನೆಂದು ಅವನು ಹೇಳಿದನು. ಅಲ್ಲಿನ ಗುಮಾಸ್ತ ಅಷ್ಟರಲ್ಲಿ ಇಟಲಿಗೆ ಮರಳಿದ್ದರಿಂದ ಅವನ ಹೇಳಿಕೆಯನ್ನು ಅಲ್ಲಿಂದಲೇ ಬರೆಯಿಸಿ ತರಿಸಲಾಯಿತು. ಪಾಸ್‌ಪೋರ್ಟಿನ ಚಿಕ್ಕ ಚಿತ್ರದ ಬದಲು ಮನೆಮಂದಿಯೆಲ್ಲ ಇದ್ದ ದೊಡ್ಡ ಛಾಯಾಚಿತ್ರವನ್ನು ಹಿಡಿದುಕೊಂಡು ಬಂದ ಮನುಷ್ಯನನ್ನು ಕಂಡು ತಾನು ನಕ್ಕದ್ದು ನೆನಪಿದೆಯೆಂದೂ, ಅದು ಏಪ್ರಿಲ್ 15ರಂದೇ ಎಂದೂ ಆತ ಹೇಳಿದ್ದನು. ಜ್ಯೂರಿಗೆ ಇದೂ ಸಾಲದಾಯಿತು.

ಕೊಲೆಯ ಸ್ಥಳದ ಬಳಿ ಸಿಕ್ಕಿದ ಒಂದು ಟೋಪಿಯ ಕತೆ ಇನ್ನೂ ವಿಚಿತ್ರ. ಸ್ಯಾಕೊ ಕಾರ್ಖಾನೆಯಲ್ಲಿ ಟೋಪಿಯನ್ನು ಮೊಳೆಗೆ ತೂಗಹಾಕುತ್ತಿದ್ದನು. ಸಿಕ್ಕಿದ ಟೋಪಿಯ ಒಳಬಟ್ಟೆಯಲ್ಲಿ ಒಂದು ತೂತು ಇತ್ತು. ಆದುದರಿಂದ ಇದು ಅವನದೇ ಎಂದು ಸರಕಾರಿ ವಕೀಲರು ವಾದಿಸಿದರು. ಆರು ವರ್ಷಗಳ ಬಳಿಕ ಬ್ರೇನ್‌ಟ್ರಿಯ ಪೊಲೀಸ್ ಮುಖ್ಯಸ್ಥರೇ ಆ ತೂತಿನ ಗುಟ್ಟನ್ನು ಹೊರಗೆಡವಿದರು: ಒಳಗೆಲ್ಲಾದರೂ ಹೆಸರೋ ಗುರುತೋ ಇದೆಯೇ ಎಂದು ಹುಡುಕುವಾಗ ಬಟ್ಟೆಯನ್ನು ಹರಿದವರು ಅವರೇ ಆಗಿದ್ದರು.

ಇನ್ನು ಆ ಸುಳ್ಳುಗಳ ವಿಚಾರ. ತಪ್ಪು ಮಾಡದವನು ಪೊಲೀಸರಿಗೆ ಸುಳ್ಳು ಹೇಳುವನೇ? ಇದು ಅಪರಾಧಪ್ರಜ್ಞೆಯ ಲಕ್ಷಣವೆಂದು ಸರಕಾರಿ ವಕೀಲ ಫ್ರೆಡರಿಕ್ ಕಾಟ್ಸ್‌ಮನ್ ವಾದಿಸಿದರು. ಇದಕ್ಕೆ ಉತ್ತರ ಆಪಾದಿತರಲ್ಲಿತ್ತು: ನಾವು ಅರಾಜಕತಾವಾದಿಗಳು, ನಮ್ಮ ಸಂಗಾತಿಗಳು ಗಡೀಪಾರಾಗುತ್ತಿದ್ದರು, ಒಬ್ಬನು ಬಂಧನದಲ್ಲೇ ಸತ್ತಿದ್ದನು, ಆ ಭಯದಿಂದ ಸುಳ್ಳಾಡಿದೆವು. ಆದರೆ ಈ ಉತ್ತರವನ್ನು ಕೊಟ್ಟೊಡನೆ, ಅರಾಜಕತಾವಾದಿಗಳೆಂದರೆ ಮೈಯುರಿಯುತ್ತಿದ್ದ ಜ್ಯೂರಿಯ ಮುಂದೆ ತಮ್ಮ ಮತವನ್ನು ತಾವೇ ಬಿಚ್ಚಿಟ್ಟಂತಾಗುತ್ತಿತ್ತು. ಮೌನವಾಗಿದ್ದರೆ ಕೊಲೆಗಾರರು, ಬಾಯಿಬಿಟ್ಟರೆ ದೇಶದ್ರೋಹಿಗಳು. ಅವರು ಬಾಯಿಬಿಟ್ಟರು. ಹರಕು ಮುರುಕು ಇಂಗ್ಲಿಷಿನಲ್ಲಿ, ಆಗಾಗ ದುಭಾಷಿಯ ನೆರವಿನಿಂದ ಉತ್ತರಿಸುತ್ತಿದ್ದ ಸ್ಯಾಕೊನನ್ನು ಕಾಟ್ಸ್‌ಮನ್ ಪಾಟೀಸವಾಲಿನಲ್ಲಿ ಕೇಳಿದ್ದು ಕೊಲೆಯ ಕುರಿತು ಮಾತ್ರವಲ್ಲ; 1917ರಲ್ಲಿ ಸೈನ್ಯದ ನೋಂದಣಿಯನ್ನು ತಪ್ಪಿಸಲು ಮೆಕ್ಸಿಕೊಗೆ ಹೋದುದು ಈ ದೇಶದ ಮೇಲಿನ ಪ್ರೀತಿಯಿಂದಲೋ ಎಂದು ಚುಚ್ಚಿ ಚುಚ್ಚಿ ಕೇಳಿದರು. ದರೋಡೆಗೂ ಈ ಪ್ರಶ್ನೆಗೂ ಏನು ಸಂಬಂಧವೆಂದು ಇಂದು ಕಡತ ಓದುವವರಿಗೆ ಅನಿಸದಿರದು.

ಉಳಿದದ್ದು ಗುಂಡು. ಸತ್ತವರಿಬ್ಬರ ದೇಹದಿಂದ ಒಟ್ಟು ಆರು ಗುಂಡುಗಳು ಹೊರಬಂದವು. ಬೆರಾರ್ಡೆಲ್ಲಿಯ ದೇಹದಿಂದ ತೆಗೆದ ನಾಲ್ಕಕ್ಕೂ ವೈದ್ಯರು ಸೂಜಿಯ ಮೊನೆಯಿಂದ ಬುಡದಲ್ಲಿ ಗೀರಿ ಸಂಖ್ಯೆ ಹಾಕಿದ್ದರು. ಆತನ ಪ್ರಾಣವನ್ನು ತೆಗೆದದ್ದು ಮೂರನೆಯದು. ಪಿಸ್ತೂಲಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಅವುಗಳ ಗುರುತು ಹಾರುವ ಗುಂಡಿನ ಮೈಮೇಲೆ ಮೂಡುತ್ತದೆ. ಐದು ಗುಂಡುಗಳಲ್ಲಿ ಆ ಗುರುತು ಬಲಕ್ಕೆ ತಿರುಗಿತ್ತು, ಮೂರನೆಯದರಲ್ಲಿ ಮಾತ್ರ ಎಡಕ್ಕೆ. ಸ್ಯಾಕೊನ ಬಳಿ ಸಿಕ್ಕಿದ್ದು ಎಡಕ್ಕೆ ತಿರುಗುವ ನಳಿಗೆಯ ಕೋಲ್ಟ್ ಪಿಸ್ತೂಲು. ಅಷ್ಟೇ ಅಲ್ಲ, ಮೂರನೆಯ ಗುಂಡು ಆಗಲೇ ತಯಾರಿಕೆ ನಿಂತುಹೋಗಿದ್ದ ಹಳೆಯ ಮಾದರಿಯದು. ಸ್ಯಾಕೊನ ಕಿಸೆಯಲ್ಲೂ ಅಂಥ ತೋಟಾಗಳಿದ್ದವು.

ರಾಜ್ಯ ಪೊಲೀಸಿನ ಕ್ಯಾಪ್ಟನ್ ವಿಲಿಯಂ ಪ್ರಾಕ್ಟರ್ ಸರಕಾರದ ಪರವಾಗಿ ಸಾಕ್ಷಿ ನುಡಿದು, ಮೂರನೆಯ ಗುಂಡು ಆ ಪಿಸ್ತೂಲಿನಿಂದ ಹಾರಿರುವುದಕ್ಕೆ ಹೊಂದಿಕೆಯಾಗುತ್ತದೆ ಎಂಬರ್ಥದ ಮಾತನ್ನಾಡಿದರು. ಕೇಳಿದವರು ಅದನ್ನು ‘ಅದರಿಂದಲೇ ಹಾರಿತು’ ಎಂದು ತಿಳಿದುಕೊಂಡರು. ನ್ಯಾಯಾಧೀಶರೂ ಜ್ಯೂರಿಗೆ ಹಾಗೆಯೇ ವಿವರಿಸಿದರು. 1923ರಲ್ಲಿ ಪ್ರಾಕ್ಟರ್ ಪ್ರಮಾಣಮಾಡಿ ಬರೆದುಕೊಟ್ಟದ್ದು ಬೇರೆಯೇ: ಆ ಪಿಸ್ತೂಲಿನಿಂದಲೇ ಹಾರಿತೆಂಬುದಕ್ಕೆ ತಮಗೆ ಆಧಾರ ಸಿಕ್ಕಿರಲಿಲ್ಲ, ಅದು ಸರಕಾರಿ ವಕೀಲರಿಗೆ ತಿಳಿದಿತ್ತು, ಪ್ರಶ್ನೆ ಉತ್ತರಗಳ ಮಾತುಗಳನ್ನು ಮೊದಲೇ ಹೊಂದಿಸಿಕೊಳ್ಳಲಾಗಿತ್ತು. ಒಂದು ಮಾತು ಸುಳ್ಳಾಗದೆಯೇ ಎಷ್ಟು ದಾರಿತಪ್ಪಿಸಬಲ್ಲುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ತಿಳಿಯದು.

1921ರ ಜುಲೈ 14ರಂದು ಜ್ಯೂರಿ ಒಳಗೆ ಹೋಗಿ ಅದೇ ಸಂಜೆ ಇಬ್ಬರೂ ಅಪರಾಧಿಗಳೆಂದು ಸಾರಿತು.

ಆಮೇಲೆ ಆರು ವರ್ಷ ಅರ್ಜಿಗಳ ಮೇಲೆ ಅರ್ಜಿ. ಮರುವಿಚಾರಣೆಯ ಪ್ರತಿಯೊಂದು ಅರ್ಜಿಯೂ, ಆ ರಾಜ್ಯದ ಪದ್ಧತಿಯಂತೆ, ಥೇಯರ್ ಅವರ ಮುಂದೆಯೇ ಬರಬೇಕು. ತಾನು ನಡೆಸಿದ ವಿಚಾರಣೆ ಸರಿಯಿತ್ತೇ ಎಂದು ತಾನೇ ತೀರ್ಮಾನಿಸಬೇಕು. ಎಲ್ಲವನ್ನೂ ಅವರು ತಳ್ಳಿಹಾಕಿದರು. ಮೇಲಿನ ನ್ಯಾಯಾಲಯ ಕಾನೂನಿನ ಅಂಶಗಳನ್ನಷ್ಟೇ ನೋಡುತ್ತಿತ್ತು, ಸಾಕ್ಷ್ಯವನ್ನು ಮತ್ತೆ ತೂಗುತ್ತಿರಲಿಲ್ಲ. 1924ರಲ್ಲಿ ಸ್ಯಾಕೊನ ಪಿಸ್ತೂಲಿನ ನಳಿಗೆಯೇ ಬದಲಾಗಿರುವುದು ಪತ್ತೆಯಾಯಿತು! ಆಪಾದಿತರ ಪರ ತಜ್ಞನು ಹೋಲಿಕೆಗಾಗಿ ತಂದ ಹೊಸ ಪಿಸ್ತೂಲಿನಲ್ಲಿ ಹಳೆಯ ನಳಿಗೆ ಸಿಕ್ಕಿತು. ಅದನ್ನು ಮರಳಿ ಸ್ವಸ್ಥಾನಕ್ಕೆ ಸೇರಿಸಲಾಯಿತು. 1925ರ ನವೆಂಬರಿನಲ್ಲಿ, ಬೇರೊಂದು ಕೊಲೆಗಾಗಿ ಅದೇ ಸೆರೆಮನೆಯಲ್ಲಿದ್ದ ಸೆಲೆಸ್ಟಿನೊ ಮಡೇರೊಸ್ ಎಂಬವನು ಸ್ಯಾಕೊನಿಗೆ ಚೀಟಿ ಕಳುಹಿಸಿ, ಬ್ರೇನ್‌ಟ್ರಿಯ ದರೋಡೆಯಲ್ಲಿ ತಾನಿದ್ದೆ, ನೀವಿಬ್ಬರೂ ಇರಲಿಲ್ಲ ಎಂದು ಒಪ್ಪಿಕೊಂಡನು. ಅವನ ವಿವರಗಳಲ್ಲಿ ತಪ್ಪುಗಳಿದ್ದವು. ಆದರೆ ಮತ್ತೊಂದು ಜ್ಯೂರಿಯ ಮುಂದಿಟ್ಟು ಪರೀಕ್ಷಿಸಲೂ ಅವು ಯೋಗ್ಯವಲ್ಲವೆಂದು ಹೇಳುವುದು ಕಷ್ಟ. ಜಗತ್ತಿನ ನಾನಾ ನಗರಗಳಲ್ಲಿ ಪ್ರತಿಭಟನೆಗಳೆದ್ದವು. ರಾಜ್ಯಪಾಲರು ನೇಮಿಸಿದ ಮೂವರ ಸಮಿತಿ, ನ್ಯಾಯಾಧೀಶರು ಹೊರಗೆ ಆಪಾದಿತರ ಬಗೆಗೆ ಆಡಿದ ಮಾತುಗಳು ಅನುಚಿತವೆಂದು ಒಪ್ಪಿಯೂ, ತೀರ್ಪು ಸರಿಯೆಂದಿತು. 1927ರ ಆಗಸ್ಟ್ 23ರಂದು, ನಡುರಾತ್ರಿ ಕಳೆದೊಡನೆ, ಮಡೇರೊಸ್, ಸ್ಯಾಕೊ, ವಾಂಜೆಟ್ಟಿ ಒಬ್ಬರ ಹಿಂದೊಬ್ಬರಂತೆ ವಿದ್ಯುತ್ ಕುರ್ಚಿಯಲ್ಲಿ ಪ್ರಾಣಬಿಟ್ಟರು.

ಇಲ್ಲಿಗೆ ನಿಲ್ಲಿಸಿದರೆ ಓದುಗರು ಇಬ್ಬರೂ ನಿರಪರಾಧಿಗಳೆಂದೇ ನಿರ್ಧರಿಸಬಹುದು. ಆದರೆ ಆ ವರ್ಷದ ಜೂನಿನಲ್ಲಿಯೇ ಕ್ಯಾಲ್ವಿನ್ ಗಾಡರ್ಡ್ ಎಂಬ ತಜ್ಞರು, ಎರಡು ಗುಂಡುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಹೊಸ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಮೂರನೆಯ ಗುಂಡು ಸ್ಯಾಕೊನ ಪಿಸ್ತೂಲಿನದೇ ಎಂದಿದ್ದರು. 1961ರಲ್ಲಿ ಮತ್ತು 1983ರಲ್ಲಿ ನಡೆದ ಪರೀಕ್ಷೆಗಳೂ ಅದನ್ನೇ ಹೇಳಿದವು. ಇದು ಲಘುವಾದ ಸಾಕ್ಷ್ಯವಲ್ಲ. ಪೊಲೀಸರ ವಶದಲ್ಲಿದ್ದಾಗ ಗುಂಡನ್ನೇ ಬದಲಿಸಿರಬಹುದೆಂದು ಕೆಲವರು ವಾದಿಸಿದ್ದಾರೆ. ಬೆರಾರ್ಡೆಲ್ಲಿಯ ಮೇಲೆ ಗುಂಡು ಹಾರಿಸಿದವನು ಒಬ್ಬನೇ ಎಂದು ಕೆಲವು ಸಾಕ್ಷಿಗಳು ಹೇಳಿರುವಾಗ ಒಂದು ಗುಂಡು ಮಾತ್ರ ಬೇರೆ ಪಿಸ್ತೂಲಿನದಾದದ್ದು ಹೇಗೆಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ, ಆದರೆ ಬದಲಿಸಿದರೆಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಸ್ಯಾಕೊನ ಮೇಲಿನ ಸಂಶಯವನ್ನು ನಾನಂತೂ ಸುಲಭವಾಗಿ ಬದಿಗಿಡಲಾರೆ.

ವಾಂಜೆಟ್ಟಿಯ ಸಂಗತಿ ಬೇರೆ. ಅವನ ರಿವಾಲ್ವರಿನಿಂದ ಹಾರಿದ ಒಂದೇ ಒಂದು ಗುಂಡೂ ದೊರೆತಿಲ್ಲ. ಅದು ಸತ್ತ ಬೆರಾರ್ಡೆಲ್ಲಿಯಿಂದ ಕಿತ್ತುಕೊಂಡ ಆಯುಧವೆಂದು ವಾದಿಸಲಾಯಿತು. ಬೆರಾರ್ಡೆಲ್ಲಿಯ ರಿವಾಲ್ವರನ್ನು ದುರಸ್ತಿಗೆ ಕೊಟ್ಟ ಅಂಗಡಿಯ ಲೆಕ್ಕದಲ್ಲಿ ಅದರ ಕ್ರಮಸಂಖ್ಯೆಯೇ ಇರಲಿಲ್ಲ. ಒಬ್ಬನ ಮೇಲಿನ ಸಾಕ್ಷ್ಯದ ಭಾರ ಜೊತೆಗಿದ್ದವನ ಮೇಲೂ ಬಿತ್ತು. ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುವ ನಮ್ಮ ರೂಢಿಯಲ್ಲಿಯೂ ಆ ದೋಷ ಉಳಿದುಕೊಂಡಿದೆ.

1939ರಲ್ಲಿ ಮ್ಯಾಸಚೂಸೆಟ್ಸ್ ತನ್ನ ಕಾನೂನನ್ನು ತಿದ್ದಿ, ಇಂಥ ಮೊಕದ್ದಮೆಗಳಲ್ಲಿ ಸಾಕ್ಷ್ಯವನ್ನೂ ಮರುಪರಿಶೀಲಿಸುವ ಅಧಿಕಾರವನ್ನು ಉಚ್ಚ ನ್ಯಾಯಾಲಯಕ್ಕೆ ಕೊಟ್ಟಿತು. ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ, 1977ರಲ್ಲಿ, ರಾಜ್ಯಪಾಲ ಮೈಕೆಲ್ ಡುಕಾಕಿಸ್ ಹೊರಡಿಸಿದ ಘೋಷಣೆ ಇಬ್ಬರಿಗೂ ನ್ಯಾಯವಾದ ವಿಚಾರಣೆ ದೊರೆಯಲಿಲ್ಲವೆಂದೂ, ಅವರ ಹೆಸರಿಗೆ ಅಂಟಿದ ಕಳಂಕ ತೊಲಗಲೆಂದೂ ಹೇಳಿತು. ಅವರು ಕೊಲೆ ಮಾಡಿಲ್ಲವೆಂದು ಹೇಳಲಿಲ್ಲ. ದೋಚಿದ ಹಣದಲ್ಲಿ ಒಂದು ಡಾಲರೂ ಮರಳಿ ಸಿಗಲಿಲ್ಲ. ಕಾರಿನಲ್ಲಿ ಓಡಿಹೋದವರಲ್ಲಿ ಉಳಿದವರೆನಿಸಿದ ಯಾರನ್ನೂ ಆ ಕೊಲೆಗಾಗಿ ನ್ಯಾಯಾಲಯದ ಮುಂದೆ ನಿಲ್ಲಿಸಿ ಶಿಕ್ಷಿಸಲಾಗಲಿಲ್ಲ.